ಗುಂಡ ಮನೆಗೆ ಬಂದ, ಚಿನ್ನಿ ಬುಸ್ ಅಂದಳು

ಹೋದ ತಿಂಗಳು ನಮ್ಮ ಮನೆಯಲ್ಲಿ ಒಂದು ದೊಡ್ಡ ಜಗಳ ಆಯಿತು. ಗುಂಡ, ಚಿನ್ನಿ ನಮ್ಮ ಎರಡು ಬೆಕ್ಕುಗಳು. ಗುಂಡ ಎರಡು ದಿನ ಪ್ರಾಣಿಗಳ ಆಸ್ಪತ್ರೆಯಲ್ಲಿದ್ದ. ಕರೆದುಕೊಂಡು ಬಂದು ಹಾಲ್‌ನಲ್ಲಿ ಬುಟ್ಟಿ ಇಟ್ಟು ಬಾಗಿಲು ತೆಗೆದೆ. ಮುಂಗಾಲಿಗೆ ಸೂಜಿ ಚುಚ್ಚಲು ಒಂದಿಷ್ಟು ಕೂದಲು ಬೋಳಿಸಿದ್ದರು, ಪಾಪ, ತೂರಾಡುತ್ತ ಹೊರಗೆ ಬಂದ. ಚಿನ್ನಿ ಸೋಫಾದಿಂದ ಇಳಿದು ಬಂದಳು. ಅಣ್ಣ ತಂಗಿ ಇಬ್ಬರೂ ಇನ್ನೇನು ಮುದ್ದಾಡುತ್ತಾರೆ ಅಂತ ನಾನು ಮೊಬೈಲ್ ತೆಗೆದು ವಿಡಿಯೊ ಶುರು ಮಾಡಿದೆ. ಅವಳು ಹತ್ತಿರ ಬಂದು ಒಂದೇ ಒಂದು ಸಲ ಮೂಸಿದಳು. ಬೆನ್ನು ಬಿಲ್ಲಿನ ಹಾಗೆ ಬಾಗಿತು, ಬಾಲ ಬಾಟಲಿ ತೊಳೆಯುವ ಬ್ರಷ್ ಥರ ಉಬ್ಬಿತು, ಕಿವಿ ಎರಡೂ ತಲೆಗೆ ಅಂಟಿಕೊಂಡವು, ಬುಸ್ಸ್ ಅಂದವಳೇ ಅವನ ಮುಖಕ್ಕೆ ಒಂದು ಬಾರಿಸಿಯೇ ಬಿಟ್ಟಳು.

ಇಬ್ಬರೂ ಒಂದೇ ಸೂಲಿನ ಮರಿಗಳು. ನಾಲ್ಕು ವರ್ಷದಿಂದ ಒಂದೇ ದಿಂಬಿನ ಮೇಲೆ ಮಲಗುತ್ತಾರೆ. ಒಬ್ಬರ ಕಿವಿ ಇನ್ನೊಬ್ಬರು ನೆಕ್ಕುತ್ತಾರೆ. ಎರಡು ದಿನದಲ್ಲಿ ಮರೆತೇ ಹೋದಳಾ?

ನಾನು ಅವಳನ್ನು ಬೈದೆ. ಜೋರಾಗಿಯೇ ಬೈದೆ. ಅಮ್ಮ ಒಳಗಿಂದ ಬಂದು, "ಅದನ್ಯಾಕೋ ಬೈತೀಯ, ಅದಕ್ಕೇನೋ ಅನ್ನಿಸಿದೆ, ಮೊದಲು ಇವನನ್ನ ರೂಮಿಗೆ ಹಾಕು" ಅಂದರು. ಹಾಕಿದೆ. ಡಾಕ್ಟರಿಗೆ ಫೋನ್ ಮಾಡಿದರೆ ಅವರು ನಕ್ಕರು. "ಅವಳ ಪಾಲಿಗೆ ಅವನು ಗುಂಡ ಅಲ್ಲ. ಗುಂಡನ ಹಾಗೆ ಕಾಣೋ ಬೇರೆ ಯಾವುದೋ ಬೆಕ್ಕು. ಮೈಯೆಲ್ಲ ಇಲ್ಲಿನ ವಾಸನೆ ಇದೆಯಲ್ಲ" ಅಂದರು.

ಅವತ್ತಿನಿಂದ ನಾನು ಬೆಕ್ಕುಗಳ ಮಾತಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ನಾಲ್ಕು ವರ್ಷ ನಾನು ತಪ್ಪು ಕಡೆ ಕಿವಿ ಕೊಟ್ಟುಕೊಂಡು ಕೂತಿದ್ದೆ ಅಂತ ಈಗ ಗೊತ್ತಾಗುತ್ತಿದೆ. ಮಿಯಾಂವ್ ಅಂದರೆ ಅದೇ ಬೆಕ್ಕಿನ ಭಾಷೆ ಅಂದುಕೊಂಡಿದ್ದೆ. ಅದು ಬೆಕ್ಕು ನಮಗೋಸ್ಕರ ಇಟ್ಟುಕೊಂಡಿರುವ ಭಾಷೆ. ಅವುಗಳ ಒಳಗೊಳಗಿನ ಮಾತು ನಡೆಯುವುದು ಮೂಗಿನಲ್ಲಿ, ಆಮೇಲೆ ಮೈಯಲ್ಲಿ.

ಮೂಗಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಮಗೆ ಅರ್ಧವೂ ಗೊತ್ತಾಗದ ಭಾಗ ಇದು. ಬೆಕ್ಕಿನ ಕೆನ್ನೆಯಲ್ಲಿ, ಗದ್ದದಲ್ಲಿ, ಕಣ್ಣಿಗೂ ಕಿವಿಗೂ ನಡುವಿನ ಬೋಳು ಜಾಗದಲ್ಲಿ, ಬಾಲದ ಬುಡದಲ್ಲಿ, ಪಂಜದ ಅಡಿಯಲ್ಲಿ ವಾಸನೆ ಬಿಡುವ ಗ್ರಂಥಿಗಳಿವೆ. ನೀವು ಬಾಗಿಲು ತೆಗೆದ ತಕ್ಷಣ ಬಂದು ಕಾಲಿಗೆ ಕೆನ್ನೆ ಉಜ್ಜಿ, ಮೈ ಉಜ್ಜಿ, ಕೊನೆಗೆ ಬಾಲ ಸುತ್ತಿ ಹೋಗುತ್ತದಲ್ಲ, ಅದು ಬರೀ ಪ್ರೀತಿ ಅಲ್ಲ. ಹೊರಗೆ ಹೋಗಿ ಏನೇನೋ ವಾಸನೆ ಮೆತ್ತಿಕೊಂಡು ಬಂದಿದ್ದೀರಿ, ಅದರ ಮೇಲೆ ಮನೆಯ ವಾಸನೆ ಬಳಿಯುತ್ತಿದೆ. ಕುರ್ಚಿಯ ಕಾಲು, ಬಾಗಿಲ ಅಂಚು, ಲ್ಯಾಪ್‌ಟಾಪ್ ಮೂಲೆ ಎಲ್ಲದಕ್ಕೂ ಇದೇ ಪೂಜೆ. ಒಟ್ಟಿಗೆ ಇರುವ ಬೆಕ್ಕುಗಳು ಒಂದಕ್ಕೊಂದು ಉಜ್ಜಿಕೊಂಡು ಎಲ್ಲರ ಮೈಯಲ್ಲೂ ಒಂದೇ ಥರದ ಕಲಸು ವಾಸನೆ ಇರುವ ಹಾಗೆ ನೋಡಿಕೊಳ್ಳುತ್ತವೆ. ಆ ವಾಸನೆ ಇದ್ದರೆ ನಮ್ಮವನು. ಇಲ್ಲದಿದ್ದರೆ ಯಾರೋ. ಗುಂಡನ ಮೈಯಲ್ಲಿ ಎರಡು ದಿನದ ಸ್ಪಿರಿಟ್, ಔಷಧಿ, ಬೇರೆ ಪ್ರಾಣಿಗಳ ಭಯ ಎಲ್ಲ ಸೇರಿಕೊಂಡಿತ್ತು. ಗುರುತಿನ ಚೀಟಿ ಕಳೆದುಕೊಂಡು ಮನೆಗೆ ಬಂದಿದ್ದ, ಅಷ್ಟೇ. ಚಿನ್ನಿ ತಪ್ಪೇನೂ ಮಾಡಿರಲಿಲ್ಲ.

ನೀವು ಇನ್ನೊಂದನ್ನೂ ನೋಡಿರಬಹುದು. ಬೆಕ್ಕು ಏನನ್ನೋ ಮೂಸಿ, ತಲೆ ಎತ್ತಿ, ಬಾಯಿ ಅರ್ಧ ತೆರೆದು, ಮೇಲ್ತುಟಿ ಸುಕ್ಕು ಮಾಡಿ, ಅಸಹ್ಯ ಆದವರ ಹಾಗೆ ಒಂದು ಕ್ಷಣ ಹಾಗೇ ನಿಲ್ಲುತ್ತದೆ. ನಾನು ಸಾಕ್ಸ್ ಬಿಚ್ಚಿದಾಗಲೆಲ್ಲ ಗುಂಡ ಹೀಗೆ ಮಾಡುತ್ತಿದ್ದ, ಮನೆಯವರೆಲ್ಲ ನಗುತ್ತಿದ್ದರು. ಅವನಿಗೆ ಅಸಹ್ಯ ಆಗಿರಲಿಲ್ಲವಂತೆ. ಬೆಕ್ಕಿನ ಬಾಯಿಯ ಮೇಲ್ಭಾಗದಲ್ಲಿ, ಮುಂದಿನ ಹಲ್ಲುಗಳ ಹಿಂದೆ, ಎರಡು ಸಣ್ಣ ತೂತುಗಳಿವೆ. ಅವು ಜೇಕಬ್ಸನ್ ಅಂಗ ಅನ್ನುವ ಎರಡನೇ ಮೂಗಿಗೆ ದಾರಿ. ಬೇರೆ ಪ್ರಾಣಿ ಬಿಟ್ಟುಹೋದ ಸುದ್ದಿಯನ್ನು ಅಲ್ಲಿಗೆ ಎಳೆದುಕೊಂಡು ಓದುತ್ತದೆ. ಅಂದರೆ ಅವನು ಮುಖ ಸಿಂಡರಿಸುತ್ತಿರಲಿಲ್ಲ, ನಾನು ಎಲ್ಲೆಲ್ಲಿ ಹೋಗಿ ಬಂದೆ ಅಂತ ಪೇಪರ್ ಓದುತ್ತಿದ್ದ.

ವಾಸನೆಯಲ್ಲಿ ಒಂದು ಅನುಕೂಲ ಇದೆ, ನೋಡಿ. ಹೇಳಿದವನು ಅಲ್ಲಿ ಇರಬೇಕಾಗಿಲ್ಲ. ಒಬ್ಬನೇ ಓಡಾಡಿ, ಒಬ್ಬನೇ ಬೇಟೆ ಆಡುವ ಪ್ರಾಣಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಯಾವುದಿದೆ? ನಮ್ಮ ಮನೆ ಬೆಕ್ಕುಗಳ ಮೂಲ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕು, ಫೆಲಿಸ್ ಲಿಬಿಕಾ. ಅದು ಒಂಟಿ. ಎದುರುಬದುರು ಸಿಕ್ಕಿ ಮೈ ಪರಚಿಕೊಳ್ಳುವುದಕ್ಕಿಂತ ಮರಕ್ಕೆ, ಕಲ್ಲಿಗೆ ಒಂದು ಚೀಟಿ ಅಂಟಿಸಿ ಹೋಗುವುದು ವಾಸಿ. ಉಗುರಿನಿಂದ ಪರಪರ ಕೆರೆಯುವುದೂ ಅದೇ ಚೀಟಿ. ಉಗುರು ಹರಿತ ಆಗುತ್ತದೆ, ಕಣ್ಣಿಗೆ ಕಾಣುವ ಗೀರು ಬೀಳುತ್ತದೆ, ಬೆರಳ ಸಂದಿಯ ವಾಸನೆಯೂ ಅಂಟುತ್ತದೆ. ನಮ್ಮ ಸೋಫಾದ ಬಲಗೈ ಈಗ ಬರೀ ನಾರು. ಅದು ಸೋಫಾದ ಮೇಲಿನ ಸಿಟ್ಟಲ್ಲ, ಎಲ್ಲರೂ ಓಡಾಡುವ ಜಾಗದಲ್ಲಿ ಬೋರ್ಡು ಹಾಕಬೇಕಲ್ಲ, ಅದಕ್ಕೆ. ಕೆರೆಯುವ ಕಂಬವನ್ನು ಮೂಲೆಯಲ್ಲಿ ಇಟ್ಟು ಉಪಯೋಗಿಸುತ್ತಿಲ್ಲ ಅಂತ ನಾನು ಎರಡು ವರ್ಷ ಗೊಣಗಿದೆ. ಮೂಲೆಯಲ್ಲಿ ಬೋರ್ಡು ಹಾಕಿದರೆ ಯಾರು ಓದುತ್ತಾರೆ, ಹೇಳಿ? ಸೋಫಾದ ಪಕ್ಕಕ್ಕೇ ತಂದಿಟ್ಟ ಮೇಲೆ ಉಪಯೋಗಿಸುತ್ತಿದ್ದಾರೆ.

ಇನ್ನು ಮೂತ್ರ. ಬೆಕ್ಕಿನ ಮೂತ್ರದಲ್ಲಿ ಫೆಲಿನೀನ್ ಅಂತ ಒಂದು ವಸ್ತು ಇದೆ. ಅದರಲ್ಲಿ ಗಂಧಕ ಇದೆ. ಹೊರಗೆ ಬಂದ ಮೇಲೆ ಒಡೆಯುತ್ತ ಹೋಗಿ ಆ ಮೂಗು ಸುಡುವ ವಾಸನೆ ಬರುತ್ತದೆ. ಬೀಜ ಒಡೆಸದ ಗಂಡು ಬೆಕ್ಕಿನಲ್ಲಿ ಅದು ತುಂಬ ಜಾಸ್ತಿ. ಈ ವಿಷಯಕ್ಕೆ ಆಮೇಲೆ ಬರುತ್ತೇನೆ, ಯಾಕೆಂದರೆ ನಾನು ಎಡವಿದ್ದು ಅಲ್ಲೇ.

ಈಗ ಮಿಯಾಂವ್. ಮರಿ ಚಳಿಯಾದರೆ, ಹಸಿವಾದರೆ, ಗೂಡಿನಿಂದ ಆಚೆ ಬಿದ್ದರೆ ತಾಯಿಯನ್ನು ಕೂಗುತ್ತದೆ. ದೊಡ್ಡದಾದ ಮೇಲೆ ಆ ಕೂಗು ಬೆಕ್ಕು ಬೆಕ್ಕುಗಳ ನಡುವೆ ಹೆಚ್ಚು ಕಡಿಮೆ ನಿಂತೇ ಹೋಗುತ್ತದೆ. ದೊಡ್ಡ ಬೆಕ್ಕುಗಳು ಒಂದಕ್ಕೊಂದು ಬುಸ್ ಅನ್ನುತ್ತವೆ, ಜೋಡಿ ಹುಡುಕುವಾಗ ರಾತ್ರಿಯಿಡೀ ಮಗು ಅತ್ತ ಹಾಗೆ ಊಳಿಡುತ್ತವೆ, ತಾಯಿ ಮರಿಗಳನ್ನು "ಬ್ರ್ರ್‌ಪ್" ಅಂತ ಬಾಯಿ ಮುಚ್ಚಿಕೊಂಡೇ ಕರೆಯುತ್ತದೆ. ಮಿಯಾಂವ್ ಮಾತ್ರ ಬಹುಪಾಲು ಮನುಷ್ಯರಿಗೇ ಮೀಸಲು. ನಂಬಿಕೆ ಬರದಿದ್ದರೆ ನಿಮ್ಮ ಮನೆಯಲ್ಲೇ ಒಂದು ವಾರ ಗಮನಿಸಿ. ಚಿನ್ನಿ ದಿನಕ್ಕೆ ನನ್ನ ಹತ್ತಿರ ಕಡಿಮೆ ಅಂದರೂ ಮೂವತ್ತು ಸಲ ಮಿಯಾಂವ್ ಅನ್ನುತ್ತಾಳೆ, ಗುಂಡನ ಹತ್ತಿರ ಒಂದು ಸಲವೂ ಅಂದಿದ್ದು ನಾನು ಕೇಳಿಲ್ಲ. ಈ ಮನುಷ್ಯರಿಗೆ ಮೂಗು ಇಲ್ಲ, ಬಾಲ ನೋಡಲು ಬರುವುದಿಲ್ಲ, ಬಾಯಿ ಬಿಟ್ಟರೆ ಮಾತ್ರ ತಿರುಗಿ ನೋಡುತ್ತಾರೆ ಅಂತ ಪ್ರತಿಯೊಂದು ಬೆಕ್ಕೂ ತನ್ನಷ್ಟಕ್ಕೇ ಕಂಡುಕೊಳ್ಳುತ್ತದೆ ಅನ್ನಿಸುತ್ತದೆ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ನಿಕೋಲಸ್ ನಿಕಾಸ್ಟ್ರೋ ಅನ್ನುವವರು ಮನೆ ಬೆಕ್ಕಿನ ಮಿಯಾಂವ್ ಮತ್ತು ಕಾಡುಬೆಕ್ಕಿನ ಕೂಗನ್ನು ಜನರಿಗೆ ಕೇಳಿಸಿದರು. ಮನೆ ಬೆಕ್ಕಿನದೇ ಕಿವಿಗೆ ಹಿತ ಅಂದರು ಜನ. ಅದು ಗಿಡ್ಡ, ಸ್ವಲ್ಪ ಏರುದನಿ. ಸಾವಿರಾರು ವರ್ಷ ನಮ್ಮ ಜೊತೆ ಇದ್ದು ಇದ್ದು ದನಿಯೇ ನಮ್ಮ ಕಿವಿಗೆ ಒಗ್ಗಿದೆ. ಎಷ್ಟು ಸಾವಿರ ಅಂದರೆ, ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದೆ ಮನುಷ್ಯನ ಪಕ್ಕದಲ್ಲೇ ಹೂತಿಟ್ಟ ಬೆಕ್ಕಿನ ಅಸ್ಥಿಪಂಜರ ಸಿಕ್ಕಿದೆ.

ಆದರೆ ಮಿಯಾಂವ್ ಅಂದರೆ ಇಂಥದ್ದೇ ಅರ್ಥ ಅಂತ ಡಿಕ್ಷನರಿ ಮಾಡಲು ಬರುವುದಿಲ್ಲ. ನಿಕಾಸ್ಟ್ರೋ ಅವರೇ ಬೇರೆ ಬೇರೆ ಸಂದರ್ಭದ ಮಿಯಾಂವ್‌ಗಳನ್ನು ಅಪರಿಚಿತರಿಗೆ ಕೇಳಿಸಿ ಇದು ಯಾವಾಗಿನದು ಅಂತ ಕೇಳಿದಾಗ, ಜನರ ಉತ್ತರ ಸುಮ್ನೆ ಊಹೆ ಮಾಡಿದ್ದಕ್ಕಿಂತ ಅಷ್ಟೇನೂ ಮೇಲಿರಲಿಲ್ಲ. ಬೆಕ್ಕಿನ ಜೊತೆ ಬದುಕಿ ಗೊತ್ತಿದ್ದವರು ಸ್ವಲ್ಪ ವಾಸಿ. ಇದು ನನಗೆ ತುಂಬ ಇಷ್ಟವಾದ ವಿಷಯ. ಯಾಕೆಂದರೆ ಒಂದೊಂದು ಮನೆಯಲ್ಲೂ ಆ ಬೆಕ್ಕು, ಆ ಮನುಷ್ಯ ಇಬ್ಬರೇ ಸೇರಿ ಮಾಡಿಕೊಂಡ ಒಂದು ಗುಟ್ಟಿನ ಭಾಷೆ ಇದೆ ಅಂತಾಯಿತು. ಯಾವುದೋ ಒಂದು ಕೂಗಿಗೆ ನಾವು ಎದ್ದು ಬಾಗಿಲು ತೆಗೆದೆವು, ಬೆಕ್ಕು ಅದನ್ನೇ ಇಟ್ಟುಕೊಂಡಿತು. ಇನ್ನೊಂದಕ್ಕೆ ತಟ್ಟೆ ತುಂಬಿಸಿದೆವು, ಅದನ್ನೂ ಇಟ್ಟುಕೊಂಡಿತು. ಚಿನ್ನಿಗೆ ಬಾಗಿಲಿಗೆ ಒಂದು ಕೂಗು, ನೀರಿನ ನಲ್ಲಿಗೆ ಒಂದು, ಮತ್ತೆ ನಾನು ಫೋನಿನಲ್ಲಿ ಜಾಸ್ತಿ ಹೊತ್ತು ಮಾತಾಡಿದರೆ "ಮ್ಞಾ" ಅಂತ ಒಂದು ಗದರುವ ದನಿ ಇದೆ. ಬೇರೆಯವರ ಮನೆಯಲ್ಲಿ ಇದು ನಡೆಯುವುದಿಲ್ಲ.

ಬೆಕ್ಕಿನ ಎಲ್ಲ ಶಬ್ದಗಳನ್ನೂ ಕೂತು ವಿಂಗಡಿಸಿದವರಲ್ಲಿ ಮೊದಲಿಗರು ಮಿಲ್ಡ್ರೆಡ್ ಮೋಲ್ಕ್. ಅದು 1944ರಲ್ಲಿ. ಒಟ್ಟು 16 ಬಗೆ ಅಂದರು. ಬಾಯಿ ಮುಚ್ಚಿ ಮಾಡುವ ಶಬ್ದ, ಬಾಯಿ ತೆರೆದು ನಿಧಾನಕ್ಕೆ ಮುಚ್ಚುತ್ತ ಮಾಡುವ ಶಬ್ದ, ಬಾಯಿ ಬಿಗಿಯಾಗಿ ತೆರೆದೇ ಇಟ್ಟು ಮಾಡುವ ಶಬ್ದ ಅಂತ ಮೂರು ಗುಂಪು. ಎಷ್ಟು ಸರಳ, ಎಷ್ಟು ಸರಿ! ಮೊದಲನೆಯದು ಸ್ನೇಹ, ಎರಡನೆಯದು ಬೇಡಿಕೆ, ಮೂರನೆಯದು ಜಗಳ ಅಂತ ನಾನು ನೆನಪಿಟ್ಟುಕೊಂಡಿದ್ದೇನೆ, ಪೂರ್ತಿ ಹಾಗೆ ಅಲ್ಲದಿದ್ದರೂ ಮನೆಮಟ್ಟಿಗೆ ಸಾಕು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಸುಸಾನ್ ಶೋಟ್ಜ್ ಇದೇ ಕೆಲಸವನ್ನು ಈಗಿನ ಧ್ವನಿವಿಜ್ಞಾನ ಇಟ್ಟುಕೊಂಡು ಮಾಡುತ್ತಿದ್ದಾರೆ. ಅವರಿಗೆ 2021ರಲ್ಲಿ ಇಗ್ ನೊಬೆಲ್ ಬಂತು, ಅದೇ, ಮೊದಲು ನಗಿಸಿ ಆಮೇಲೆ ಯೋಚಿಸುವ ಹಾಗೆ ಮಾಡುವ ಸಂಶೋಧನೆಗೆ ಕೊಡುತ್ತಾರಲ್ಲ, ಅದು.

ಕಿಟಕಿ ಆಚೆ ಹಕ್ಕಿ ಕಂಡಾಗ ಹಲ್ಲು ಕಟಕಟ ಮಾಡಿಕೊಂಡು "ಕೆಕೆಕೆ" ಅನ್ನುವುದನ್ನು ಕೇಳಿದ್ದೀರಾ? ಅದು ಯಾರಿಗೆ ಹೇಳುವುದೋ ಆ ದೇವರಿಗೇ ಗೊತ್ತು. ನನಗಂತೂ ಬಸ್ಸು ತಪ್ಪಿದಾಗ ನಾನೇ ಗೊಣಗಿಕೊಂಡ ಹಾಗೆ ಕೇಳಿಸುತ್ತದೆ.

ಗುರ್ರ್ ಅನ್ನುವುದಕ್ಕೆ ಬರೋಣ. ನಮ್ಮ ಮಾತಿನಲ್ಲಿ ಒಂದು ತೊಂದರೆ ಇದೆ. ನಾಯಿ ಸಿಟ್ಟಿನಲ್ಲಿ ಮಾಡಿದರೂ ಗುರುಗುಟ್ಟುವುದು, ಬೆಕ್ಕು ತೊಡೆಯ ಮೇಲೆ ಕೂತು ಮಾಡಿದರೂ ಗುರುಗುಟ್ಟುವುದು ಅನ್ನುತ್ತೇವೆ. ನಾನು ಹೇಳುತ್ತಿರುವುದು ಎರಡನೆಯದು, ಸಣ್ಣ ಮೋಟಾರ್ ಓಡಿದ ಹಾಗೆ, ಉಸಿರು ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ನಿಲ್ಲದೆ ಬರುವ ಗುರ್ರ್. ಅದು ಸೆಕೆಂಡಿಗೆ ಸುಮಾರು 20ರಿಂದ 30 ಸಲದ ಕಂಪನ. ಇಷ್ಟು ಸಣ್ಣ ಪ್ರಾಣಿಯಿಂದ ಇಷ್ಟು ತಗ್ಗಿನ ದನಿ ಹೇಗೆ ಬರುತ್ತದೆ ಅನ್ನುವುದು ಬಹಳ ವರ್ಷದ ಪ್ರಶ್ನೆ. ಮಿದುಳು ಗಂಟಲಿನ ಸ್ನಾಯುಗಳನ್ನು ಒಂದೇ ಸಮನೆ ಕುಣಿಸುತ್ತದೆ ಅಂತ ಪುಸ್ತಕಗಳಲ್ಲಿ ಇತ್ತು. 2023ರಲ್ಲಿ ವಿಯೆನ್ನಾದ ಕ್ರಿಶ್ಚಿಯನ್ ಹರ್ಬ್ಸ್ಟ್ ಮತ್ತು ಜೊತೆಗಾರರು, ವಾಸಿಯಾಗದ ಕಾಯಿಲೆಯಿಂದಾಗಿ ದಯಾಮರಣ ಕೊಟ್ಟಿದ್ದ ಎಂಟು ಬೆಕ್ಕುಗಳ ಧ್ವನಿಪೆಟ್ಟಿಗೆ ತೆಗೆದು ಅದರ ಮೂಲಕ ಬೆಚ್ಚಗಿನ ಗಾಳಿ ಹಾಯಿಸಿದರು. ಸ್ನಾಯುಗಳ ಕುಣಿತ ಇಲ್ಲ, ಮಿದುಳು ಇಲ್ಲ, ಆದರೂ ಗುರ್ರ್ ಅಂದಿತು. ಧ್ವನಿತಂತುಗಳ ಒಳಗೆ ದಿಂಬಿನಂಥ ಮೆತ್ತೆಗಳಿವೆ, ಅದರಿಂದ ತಂತುಗಳು ಭಾರವಾಗಿ ನಿಧಾನಕ್ಕೆ ಅದುರುತ್ತವೆ ಅಂತ ಅವರ ಅಂದಾಜು.

ಇದಕ್ಕಿಂತ ಚೆಂದದ್ದು ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಕ್ಯಾರೆನ್ ಮೆಕ್‌ಕೋಂಬ್ 2009ರಲ್ಲಿ ತೋರಿಸಿದ್ದು. ಅವರ ಸ್ವಂತ ಬೆಕ್ಕು ದಿನಾ ಬೆಳಿಗ್ಗೆ ಗುರ್ರ್ ಅಂತ ಎಬ್ಬಿಸುತ್ತಿತ್ತು, ಆ ಗುರ್ರ್ ಯಾಕೋ ಸಹಿಸಲಾಗದ ಹಾಗೆ ಇರುತ್ತಿತ್ತು. ರೆಕಾರ್ಡ್ ಮಾಡಿ ನೋಡಿದರೆ ಊಟ ಕೇಳುವಾಗಿನ ಗುರ್ರ್‌ನ ಒಳಗೆ ಇನ್ನೊಂದು ಕೂಗು ಅಡಗಿ ಕೂತಿದೆ, ಸುಮಾರು 380 ಹರ್ಟ್ಜ್ ಹತ್ತಿರ. ಮನುಷ್ಯರ ಮಗು ಅಳುವ ದನಿಯೂ ಹೆಚ್ಚು ಕಡಿಮೆ ಅಲ್ಲೇ ಇರುತ್ತದೆ. ಬೆಕ್ಕೇ ಸಾಕದವರಿಗೆ ಕೇಳಿಸಿದರೂ ಅವರು "ಇದರಲ್ಲಿ ಏನೋ ಅವಸರ ಇದೆ" ಅಂದರಂತೆ. ಅಂದರೆ ಇದು ಕಾಲು ಹಿಡಿದುಕೊಂಡೇ ಕೈ ತಿರುಚುವ ಕೆಲಸ. ಬೆಳಗಿನ ಐದು ಗಂಟೆಗೆ ಎದೆಯ ಮೇಲೆ ಬೆಕ್ಕು ಕೂತಾಗ ಇದನ್ನು ಅನುಭವಿಸಿದವರಿಗೆ ನಾನು ಏನೂ ವಿವರಿಸಬೇಕಾಗಿಲ್ಲ.

ಆದರೆ ಗುರ್ರ್ ಅಂದರೆ ಖುಷಿ ಅಂತ ಮಾತ್ರ ತಿಳಿದಿದ್ದರೆ ದಯವಿಟ್ಟು ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ.

ಆಸ್ಪತ್ರೆಗೆ ಹೋಗುವ ಎರಡು ದಿನ ಮೊದಲು ಗುಂಡ ನನ್ನ ಹಾಸಿಗೆ ಮೇಲೆ ಮೂತ್ರ ಮಾಡಿದ. ಸ್ವಲ್ಪವೇ. ನಾಲ್ಕು ವರ್ಷದಲ್ಲಿ ಒಂದು ಸಲವೂ ಹಾಗೆ ಮಾಡಿದವನಲ್ಲ. ಅದರ ಹಿಂದಿನ ದಿನ ನಾನು ತಡವಾಗಿ ಬಂದಿದ್ದೆ, ಸಿಟ್ಟು ತೀರಿಸಿಕೊಳ್ಳುತ್ತಿದ್ದಾನೆ ಅಂದುಕೊಂಡೆ. ಮಾರನೇ ದಿನ ಬಚ್ಚಲಲ್ಲಿ, ಮತ್ತೆ ಮ್ಯಾಟ್ ಮೇಲೆ. ಬೈದೆ, ಬೆರಳು ತೋರಿಸಿ ಗದರಿದೆ. ಮರಳಿನ ಟ್ರೇಗೆ ಪದೇ ಪದೇ ಹೋಗುತ್ತಿದ್ದ, ಕೂರುತ್ತಿದ್ದ, ಬರುತ್ತಿದ್ದ. ಆಮೇಲೆ ಮಂಚದ ಅಡಿ ಮುದುಡಿ ಕೂತ. ಹೋಗಿ ಸವರಿದರೆ ಗುರ್ರ್ ಅನ್ನುತ್ತಿದ್ದ. "ಅಮ್ಮಾ, ಅವನು ಆರಾಮಾಗಿದ್ದಾನೆ ಬಿಡು, ನೋಡು ಹೇಗೆ ಗುರ್ ಅಂತಾನೆ" ಅಂತ ನಾನೇ ಹೇಳಿದ್ದೆ. ಈ ಮಾತು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ಅವನಿಗೆ ಮೂತ್ರದ ದಾರಿ ಕಟ್ಟಿಕೊಳ್ಳುತ್ತಿತ್ತು. ಗಂಡು ಬೆಕ್ಕಿನಲ್ಲಿ ಆ ದಾರಿ ತುಂಬ ಕಿರಿದು. ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಜೀವಕ್ಕೇ ಅಪಾಯ ಬರುತ್ತದೆ. "ಟ್ರೇಗೆ ಹೋದಾಗೆಲ್ಲ ನೋವು. ಟ್ರೇನೇ ನೋವು ಕೊಡುತ್ತೆ ಅಂದ್ಕೊಂಡು ಮೆತ್ತಗಿನ ಜಾಗ ಹುಡುಕಿದ್ದಾನೆ" ಅಂದರು ಡಾಕ್ಟರ್. ಬೆಕ್ಕುಗಳು ನೋವಿನಲ್ಲೂ ಗುರ್ರ್ ಅನ್ನುತ್ತವೆ, ಹೆರಿಗೆಯಲ್ಲೂ, ಸಾಯುವ ಹೊತ್ತಿನಲ್ಲೂ. ಹುಟ್ಟಿದ ಕೆಲವೇ ದಿನಕ್ಕೆ, ಕಣ್ಣು ಬಿಡುವ ಮೊದಲೇ, ತಾಯಿಯ ಹೊಟ್ಟೆಗೆ ಅಂಟಿಕೊಂಡು ಮರಿ ಗುರ್ರ್ ಅನ್ನುತ್ತದೆ, "ನಾನಿಲ್ಲಿದ್ದೇನೆ, ಬಿಟ್ಟು ಹೋಗಬೇಡ" ಅನ್ನುವ ಹಾಗೆ. ದೊಡ್ಡದಾದ ಮೇಲೂ ಅದರ ಅರ್ಥ ಅಲ್ಲಿಂದ ಬಹಳ ದೂರ ಹೋದ ಹಾಗೆ ನನಗೆ ಕಾಣುವುದಿಲ್ಲ. ಗುರ್ರ್ ಜೊತೆ ಮೈ ಹೇಗಿದೆ ಅಂತ ನೋಡಬೇಕಿತ್ತು. ಮೈ ಸಡಿಲ ಇದೆಯಾ, ಮುದುಡಿದೆಯಾ? ಊಟ ಮಾಡಿದನಾ? ಮೈ ನೆಕ್ಕಿಕೊಂಡನಾ? ಅವನು ಹಾಸಿಗೆ ಮೇಲೆ, ಬಚ್ಚಲಲ್ಲಿ, ಮ್ಯಾಟ್ ಮೇಲೆ ಮೂರು ಸಲ ಹೇಳಿದ್ದ. ನಾನು ಮೂರು ಸಲವೂ ಒರೆಸಿ ಹಾಕಿದ್ದೆ. ಬೆಕ್ಕು ಹಠಕ್ಕೆ, ಸೇಡಿಗೆ ಮೂತ್ರ ಮಾಡುತ್ತದೆ ಅನ್ನುವ ಮಾತು ಯಾರಾದರೂ ಆಡಿದರೆ ಈಗ ನಾನು ಅವರ ಜೊತೆ ಜಗಳಕ್ಕೇ ನಿಲ್ಲುತ್ತೇನೆ.

ಮೈಯ ಭಾಷೆ ಕಲಿಯುವುದು ಅಷ್ಟು ಕಷ್ಟ ಅಲ್ಲ, ನಾಯಿಯನ್ನು ಓದಿದ ಹಾಗೆ ಓದದಿದ್ದರೆ ಸಾಕು. ಬಾಲ ನೆಟ್ಟಗೆ ಮೇಲೆದ್ದು, ತುದಿ ಮಾತ್ರ ಸ್ವಲ್ಪ ಬಾಗಿ ಪ್ರಶ್ನಾರ್ಥಕ ಚಿಹ್ನೆ ಥರ ಇದ್ದರೆ ಅದು ನಮಸ್ಕಾರ. ಬ್ರಿಟನ್ನಿನ ಷಾರ್ಲೆಟ್ ಕ್ಯಾಮರಾನ್ ಬೊಮಾಂಟ್ ಬೆಕ್ಕಿನ ಆಕಾರದ ಕಪ್ಪು ಕಾಗದ ಕತ್ತರಿಸಿ ಬೆಕ್ಕುಗಳ ಮುಂದೆ ಇಟ್ಟರು. ಬಾಲ ಎತ್ತಿದ ಆಕಾರ ಕಂಡಾಗ ನಿಜವಾದ ಬೆಕ್ಕುಗಳೂ ಬಾಲ ಎತ್ತಿಕೊಂಡು ಹತ್ತಿರ ಹೋದವು, ಬಾಲ ಇಳಿಬಿಟ್ಟ ಆಕಾರಕ್ಕೆ ಹಾಗೆ ಮಾಡಲಿಲ್ಲ. ಕಾಡುಬೆಕ್ಕಿನಲ್ಲಿ ಮರಿಗಳು ಮಾತ್ರ ತಾಯಿಗೆ ಬಾಲ ಎತ್ತುತ್ತವೆ. ಒಂಟಿಯಾಗಿದ್ದ ಪ್ರಾಣಿ ಗುಂಪಿನಲ್ಲಿ ಬದುಕಲು ಶುರು ಮಾಡಿದ ಮೇಲೆ, "ನಾನು ಜಗಳಕ್ಕೆ ಬರುತ್ತಿಲ್ಲ" ಅಂತ ದೂರದಿಂದಲೇ ಹೇಳುವ ಬಾವುಟ ಬೇಕಾಯಿತು, ಮರಿತನದ ಬಾಲವನ್ನೇ ಎತ್ತಿಕೊಂಡಿತು.

ಬಾಲ ಅತ್ತಿಂದಿತ್ತ ಪಟಪಟ ಹೊಡೆದುಕೊಂಡರೆ ಖುಷಿ ಅಲ್ಲ, ಸಾಕು ಅಂತ. ತುಂಬ ಜನ ಹೇಳುತ್ತಾರಲ್ಲ, "ಸುಮ್ನೆ ಸವರುತ್ತಿದ್ದೆ, ಏನೂ ಇಲ್ಲದೆ ಇದ್ದಕ್ಕಿದ್ದಂತೆ ಕಚ್ಚಿಬಿಟ್ಟಿತು" ಅಂತ. ಇದ್ದಕ್ಕಿದ್ದಂತೆ ಅಲ್ಲ. ಬಾಲದ ತುದಿ ಅಲ್ಲಾಡಿತ್ತು, ಬೆನ್ನಿನ ಚರ್ಮ ಅಲೆ ಅಲೆಯಾಗಿ ಅದುರಿತ್ತು, ಕಿವಿ ಪಕ್ಕಕ್ಕೆ ತಿರುಗಿತ್ತು, ತಲೆ ಕೈಯ ಕಡೆ ಸರಕ್ಕಂತ ಹೊರಳಿತ್ತು. ನಾವು ಟಿವಿ ನೋಡುತ್ತಿದ್ದೆವು. ಹಾಗೆಯೇ ಹೊಟ್ಟೆ. ನೆಲದ ಮೇಲೆ ಹೊರಳಿ ಹೊಟ್ಟೆ ತೋರಿಸಿದರೆ "ನಿನ್ನ ಮೇಲೆ ನಂಬಿಕೆ ಇದೆ" ಅಂತ, "ಮುಟ್ಟು" ಅಂತ ಅಲ್ಲ. ನನ್ನ ಬಲಗೈ ಮೇಲೆ ಈ ವ್ಯತ್ಯಾಸದ ಗುರುತು ಮೂರು ಗೀಟು ಇದೆ.

ಕಿವಿಗೆ ಒಂದೊಂದಕ್ಕೂ ಹತ್ತಾರು ಸ್ನಾಯುಗಳಿವೆಯಂತೆ. ಎರಡೂ ಬೇರೆ ಬೇರೆ ದಿಕ್ಕಿಗೆ ತಿರುಗುತ್ತವೆ. ಮುಂದಕ್ಕಿದ್ದರೆ ಕುತೂಹಲ, ವಿಮಾನದ ರೆಕ್ಕೆ ಥರ ಪಕ್ಕಕ್ಕೆ ಹೋದರೆ ಕಿರಿಕಿರಿ, ತಲೆಗೆ ಅಂಟಿದರೆ ಹೆದರಿಕೆ, ಹೊಡೆದಾಟಕ್ಕೆ ಮೊದಲು ಕಿವಿ ಉಳಿಸಿಕೊಳ್ಳುವ ಉಪಾಯವೂ ಹೌದು. ಬೆಕ್ಕಿಗೆ ಮುಖಭಾವವೇ ಇಲ್ಲ ಅನ್ನುವವರಿಗೆ ಒಂದು ವಿಷಯ. ಲಾರೆನ್ ಸ್ಕಾಟ್ ಮತ್ತು ಬ್ರಿಟನಿ ಫ್ಲೋರ್ಕಿವಿಚ್ ಬೆಕ್ಕುಗಳಿರುವ ಒಂದು ಕೆಫೆಯಲ್ಲಿ ಕೂತು 53 ಬೆಕ್ಕುಗಳನ್ನು ಗಮನಿಸಿ 276 ಬಗೆಯ ಮುಖಭಾವ ಲೆಕ್ಕ ಹಾಕಿದ್ದಾರೆ, 2023ರಲ್ಲಿ ಅದು ಪ್ರಕಟ ಆಯಿತು. ಅವು ಬೆಕ್ಕು ಬೆಕ್ಕುಗಳ ನಡುವಿನವು. ನಮಗೆ ತೋರಿಸುವವು ಈ ಲೆಕ್ಕದಲ್ಲಿಲ್ಲ.

ಕಣ್ಣಿನದು ನನಗೆ ಎಲ್ಲಕ್ಕಿಂತ ಇಷ್ಟ. ಬೆಕ್ಕುಗಳಲ್ಲಿ ದಿಟ್ಟಿಸಿ ನೋಡುವುದು ಸವಾಲು. ಮನೆಗೆ ಹತ್ತು ಜನ ಬಂದರೆ, ಬೆಕ್ಕು ಕಂಡರೆ ಆಗದ ಒಬ್ಬರೇ ಒಬ್ಬರ ತೊಡೆ ಹುಡುಕಿಕೊಂಡು ಹೋಗುತ್ತದಲ್ಲ, ಯಾಕೆ ಹೇಳಿ? ಮಿಕ್ಕ ಒಂಬತ್ತು ಜನ ಕಣ್ಣು ಅಗಲ ಮಾಡಿಕೊಂಡು ಅದನ್ನೇ ನೋಡುತ್ತ ಕೈ ಚಾಚುತ್ತಿರುತ್ತಾರೆ. ಆ ಒಬ್ಬರು ಮಾತ್ರ ಮುಖ ತಿರುಗಿಸಿ ಅಲುಗಾಡದೆ ಕೂತಿರುತ್ತಾರೆ. ಬೆಕ್ಕಿನ ಲೆಕ್ಕದಲ್ಲಿ ಅವರೇ ಮರ್ಯಾದಸ್ಥರು. ಅದೇ ಕಣ್ಣನ್ನು ಅರ್ಧ ಮುಚ್ಚಿ, ಒಂದು ಕ್ಷಣ ನಿಂತು, ನಿಧಾನಕ್ಕೆ ಮುಚ್ಚಿ ತೆರೆದರೆ ಅದು ಸ್ನೇಹ. ಸಸೆಕ್ಸ್‌ನವರೇ, ಟಾಸ್ಮಿನ್ ಹಂಫ್ರಿ ಮತ್ತು ಮೆಕ್‌ಕೋಂಬ್ ತಂಡ, 2020ರಲ್ಲಿ ಇದನ್ನು ಪರೀಕ್ಷೆ ಮಾಡಿದರು. ಸಾಕಿದವರು ಹೀಗೆ ಕಣ್ಣು ಮಿಟುಕಿಸಿದರೆ ಬೆಕ್ಕುಗಳೂ ಮಿಟುಕಿಸುವುದು ಜಾಸ್ತಿ ಆಯಿತು. ಪರಿಚಯ ಇಲ್ಲದವರು ಮಿಟುಕಿಸಿ ಕೈ ಚಾಚಿದಾಗಲೂ, ಸುಮ್ನೆ ಕೂತು ಚಾಚಿದ್ದಕ್ಕಿಂತ ಹೆಚ್ಚು ಸಲ ಹತ್ತಿರ ಬಂದವು. ಬೆಕ್ಕು ಕಣ್ಣು ಮುಚ್ಚಿದರೆ ಕಳ್ಳತನ ಅಂತಲೇ ನಮ್ಮ ಗಾದೆ. ಪಾಪ, ಅದು ನಮಗೆ ನಮಸ್ಕಾರ ಹೇಳುತ್ತಿತ್ತೋ ಏನೋ.

ನಾವು ಹೇಳಿದ್ದು ಅವಕ್ಕೆ ಗೊತ್ತಾಗುತ್ತದಾ? ಗೊತ್ತಾಗುತ್ತದೆ, ಎದ್ದು ಬರುವುದಿಲ್ಲ, ಅಷ್ಟೇ. ಜಪಾನಿನ ಅತ್ಸುಕೊ ಸೈಟೊ 2013ರಲ್ಲಿ ಅಪರಿಚಿತರ ದನಿ, ಆಮೇಲೆ ಸಾಕಿದವರ ದನಿ ಕೇಳಿಸಿದರು. ಸಾಕಿದವರ ದನಿಗೆ ಬೆಕ್ಕುಗಳು ಕಿವಿ ತಿರುಗಿಸಿದವು, ತಲೆ ತಿರುಗಿಸಿದವು. ಎದ್ದು ಹೋದವು ತೀರ ಕಡಿಮೆ. 2019ರಲ್ಲಿ ಇನ್ನೊಂದು. ಅದರಲ್ಲಿ ಬೆಕ್ಕಿನ ಹೆಸರಿನಷ್ಟೇ ಉದ್ದದ ಬೇರೆ ಪದಗಳನ್ನು ಒಂದರ ಹಿಂದೆ ಒಂದು ಹೇಳಿ, ಬೆಕ್ಕಿಗೆ ಬೇಜಾರಾದ ಮೇಲೆ ಅದರ ಹೆಸರು ಹೇಳಿದರು. ಮನೆಯ ಬೆಕ್ಕುಗಳ ಕಿವಿ ಮತ್ತೆ ನೆಟ್ಟಗಾಯಿತು. ಕೆಫೆಯ ಬೆಕ್ಕುಗಳು ಮಾತ್ರ ತಮ್ಮ ಹೆಸರಿಗೂ ಜೊತೆಯ ಬೆಕ್ಕುಗಳ ಹೆಸರಿಗೂ ವ್ಯತ್ಯಾಸ ತೋರಿಸಲಿಲ್ಲ. ಅಲ್ಲಿ ಯಾರ ಹೆಸರು ಕೂಗಿದರೂ ಎಲ್ಲರಿಗೂ ಏನಾದರೂ ಸಿಗುತ್ತಿತ್ತೇನೋ. ಇದನ್ನು ಓದಿ ಅಮ್ಮನಿಗೆ ಹೇಳಿದೆ. "ನಾನು ಮೊದಲೇ ಹೇಳಿಲ್ವಾ, ಅದಕ್ಕೆ ಎಲ್ಲ ಕೇಳಿಸುತ್ತೆ, ನಿನ್ನ ಥರಾನೇ" ಅಂದರು.

ಗುಂಡ ಚಿನ್ನಿಯ ರಾಜಿ ಆಗಲು ಆರು ದಿನ ಹಿಡಿಯಿತು. ಡಾಕ್ಟರ್ ಹೇಳಿದ ಹಾಗೆ ಅವನನ್ನು ಬೇರೆ ರೂಮಿನಲ್ಲಿ ಇಟ್ಟೆ. ಒಂದು ಹಳೆ ಟವೆಲ್‌ನಿಂದ ಚಿನ್ನಿಯ ಕೆನ್ನೆ ಒರೆಸಿ, ಅದರಲ್ಲೇ ಅವನ ಬೆನ್ನು ಒರೆಸುವುದು, ಅವನದನ್ನು ಇವಳಿಗೆ. ಊಟದ ತಟ್ಟೆ ಬಾಗಿಲ ಆಚೆಗೊಂದು ಈಚೆಗೊಂದು. ಮೊದಲ ದಿನ ಟವೆಲ್ ಕಂಡರೇ ಬುಸ್ ಅಂದಳು. ಮೂರನೇ ದಿನ ಅದರ ಮೇಲೆ ಕೂತಳು. ಆರನೇ ದಿನ ಬಾಗಿಲು ಒಂದು ಗೇಣು ತೆಗೆದೆ, ಈ ಸಲ ಮೊಬೈಲ್ ಹಿಡಿಯದೆ ಪಕ್ಕಕ್ಕೆ ಮುಖ ತಿರುಗಿಸಿ ಕೂತೆ. ಗುಂಡನ ಬಾಲ ಮೊದಲು ಮೇಲೆದ್ದಿತು. ಚಿನ್ನಿಯದು ಅರ್ಧಕ್ಕೆ ಎದ್ದು ನಿಂತಿತು, ಇಳಿಯಿತು, ಮತ್ತೆ ಪೂರ್ತಿ ಎದ್ದಿತು. ಮೂಗಿಗೆ ಮೂಗು. ಆಮೇಲೆ ಅವಳು ಅವನ ಬೋಳಿಸಿದ ಕಾಲನ್ನು ಐದು ನಿಮಿಷ ಬಿಡದೆ ನೆಕ್ಕಿದಳು. ಇಷ್ಟೆಲ್ಲ ಆಗುವಾಗ ಇಬ್ಬರೂ ಒಂದು ಶಬ್ದ ಮಾಡಲಿಲ್ಲ.

ನಿನ್ನೆ ಬೆಳಿಗ್ಗೆ ಗುಂಡ ಟ್ರೇಗೆ ಮೂರು ಸಲ ಹೋಗಿ ಬಂದ. ನನ್ನ ಎದೆ ಧಸಕ್ ಅಂತು. ಕಾಫಿ ಅಲ್ಲೇ ಇಟ್ಟು ಓಡಿದೆ, ಬುಟ್ಟಿ ಕೆಳಗಿಳಿಸಿದೆ, ಡಾಕ್ಟರ ನಂಬರ್ ತೆಗೆದೆ. ಅವನು ನಾಲ್ಕನೇ ಸಲ ಟ್ರೇ ಅಂಚಿನಲ್ಲಿ ಮುಂಗಾಲು ಇಟ್ಟು, ಒಳಗೆ ನೋಡಿ, ನನ್ನ ಮುಖ ನೋಡಿ, ಜೋರಾಗಿ ಮಿಯಾಂವ್ ಅಂದ. ಎರಡು ದಿನದಿಂದ ಮರಳು ಬದಲಾಯಿಸಿರಲಿಲ್ಲ.